ಕಾಗೆಗೆ ಔಷಧ ಕೊಟ್ಟವರು ಯಾರು?



ಕಾಗೆಗೆ ಕಾಯಿಲೆಯಾದರೆ ಅದು ಡಾಕ್ಟರ ಬಳಿ ಹೋಗುವುದಿಲ್ಲ. ಪಾರಿವಾಳ ಔಷಧದ ಅಂಗಡಿಯ ಸೂರಿನಲ್ಲಿಯೇ ಗೂಡು ಕಟ್ಟಿದ್ದರೂ ಅಲ್ಲಿಂದ ಮಾತ್ರೆ ಕೊಂಡು ನುಂಗಿದ್ದನ್ನು ಯಾರೂ ಕಂಡಿಲ್ಲ. ಹಾಗಿದ್ದರೂ ಜಗತ್ತಿನ ಅನೇಕ ನಗರಗಳಲ್ಲಿ ವಿಜ್ಞಾನಿಗಳು ಕಾಗೆ, ಪಾರಿವಾಳ, ಹದ್ದು, ಕಡಲಕ್ಕಿಗಳ ಹಿಕ್ಕೆಯನ್ನು ಪರೀಕ್ಷಿಸಿದಾಗ ಒಂದು ವಿಚಿತ್ರ ಸಂಗತಿ ಹೊರಬಿತ್ತು. ಆ ಹಿಕ್ಕೆಯಲ್ಲಿದ್ದ ಕೆಲವು ಬ್ಯಾಕ್ಟೀರಿಯಗಳು ನಮ್ಮ ಆಸ್ಪತ್ರೆಗಳಲ್ಲಿ ಬಳಸುವ ಪ್ರಬಲ ಔಷಧಗಳಿಗೂ ಜಗ್ಗಲಿಲ್ಲ. ಔಷಧದ ಮುಖವನ್ನೇ ಕಾಣದ ಹಕ್ಕಿಯ ಕರುಳಿಗೆ ಔಷಧಕ್ಕೆ ಬಗ್ಗದ ಸೂಕ್ಷ್ಮಜೀವಿ ಬಂದದ್ದು ಹೇಗೆ?

ಈ ಪ್ರಶ್ನೆಗೆ ಉತ್ತರ ಒಂದೇ ಪ್ರಯೋಗಶಾಲೆಯಲ್ಲಿ ಸಿಕ್ಕುವುದಿಲ್ಲ. ಅದಕ್ಕೆ ಸುಮಾರು ನೂರು ವರ್ಷಗಳ ಇತಿಹಾಸವನ್ನೇ ತಿರುವಿ ಹಾಕಬೇಕು. ನಾನು ವಿಜ್ಞಾನದಲ್ಲಿ ಪದವಿ ಪಡೆದು ಆಮೇಲೆ ದೂರದರ್ಶನ ಕಾರ್ಯಕ್ರಮಗಳ ನಿರ್ಮಾಣಕ್ಕೆ ಬಂದವನು. ಆಕಾಶದಲ್ಲಿ ತೇಲುವ ಹದ್ದನ್ನು ತೆರೆಯ ಮೇಲೆ ತೋರಿಸುವುದು ಸುಲಭ. ಅದರ ಕರುಳಿನೊಳಗಿನ ಇತಿಹಾಸವನ್ನು ತೋರಿಸಲು ಕ್ಯಾಮರಾ ಸಾಲದು. ಆ ಕೆಲಸವನ್ನು ಈ ಪುಟಗಳಿಗೆ ಬಿಟ್ಟಿದ್ದೇನೆ. ನನ್ನೊಡನೆ ಲಂಡನ್, ಟೋಕಿಯೋ, ಬಾಸ್ಟನ್‌ಗಳನ್ನು ಸುತ್ತಿ ಉತ್ತರ ಧ್ರುವದ ಅಂಚಿನವರೆಗೂ ಬನ್ನಿ.

ಔಷಧಕ್ಕಿಂತ ಹಳೆಯದು

ಆಂಟಿಬಯಾಟಿಕ್ ಎಂದು ನೀವೆಲ್ಲ ಕೇಳಿರುವ ಔಷಧವನ್ನು ಕನ್ನಡದಲ್ಲಿ ಪ್ರತಿಜೈವಿಕ ಎನ್ನುತ್ತೇವೆ. 1928ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು ಬ್ಯಾಕ್ಟೀರಿಯ ಬೆಳೆಸಿದ್ದ ಗಾಜಿನ ತಟ್ಟೆಗೆ ಎಲ್ಲಿಂದಲೋ ಬೂಷ್ಟು ಬಂದು ಬಿದ್ದಿತು. ಬೂಷ್ಟಿನ ಸುತ್ತ ಬ್ಯಾಕ್ಟೀರಿಯಗಳು ಕರಗಿಹೋಗಿದ್ದವು. ಪೆನಿಸಿಲಿನ್ ಕಥೆ ಆರಂಭವಾದದ್ದು ಹೀಗೆ. ಇದು ನಿಮ್ಮ ಪಠ್ಯಪುಸ್ತಕದಲ್ಲೂ ಇದೆ.

ಪಠ್ಯಪುಸ್ತಕದಲ್ಲಿ ಸಾಮಾನ್ಯವಾಗಿ ಇಲ್ಲದ ಸಂಗತಿಯೊಂದನ್ನು ಹೇಳುತ್ತೇನೆ. ಪೆನಿಸಿಲಿನ್ ಇನ್ನೂ ರೋಗಿಗಳ ಕೈಗೆ ಬರುವ ಮೊದಲೇ, 1940ರಲ್ಲಿ, ಆಕ್ಸ್‌ಫರ್ಡಿನ ಎಡ್ವರ್ಡ್ ಅಬ್ರಹಾಂ ಮತ್ತು ಅರ್ನ್ಸ್ಟ್ ಚೈನ್ ಎಂಬ ವಿಜ್ಞಾನಿಗಳು ಪೆನಿಸಿಲಿನ್ನನ್ನೇ ನಾಶಮಾಡುವ ಕಿಣ್ವವೊಂದನ್ನು ಬ್ಯಾಕ್ಟೀರಿಯದಲ್ಲಿ ಪತ್ತೆ ಮಾಡಿದ್ದರು. ಬೀಗ ಮಾರುಕಟ್ಟೆಗೆ ಬರುವ ಮುಂಚೆಯೇ ಕಳ್ಳನ ಬಳಿ ಕೀಲಿಕೈ ಇತ್ತು ಎಂದ ಹಾಗಾಯಿತು. 1945ರಲ್ಲಿ ನೊಬೆಲ್ ಪ್ರಶಸ್ತಿ ಸ್ವೀಕರಿಸಿ ಮಾಡಿದ ಭಾಷಣದಲ್ಲಿ ಫ್ಲೆಮಿಂಗ್ ಅವರೇ ಎಚ್ಚರಿಸಿದರು: ಸಾಲದಷ್ಟು ಪ್ರಮಾಣದಲ್ಲಿ ಔಷಧ ತೆಗೆದುಕೊಂಡರೆ ಸಾಯದೆ ಉಳಿದ ರೋಗಾಣುಗಳು ಔಷಧವನ್ನು ಎದುರಿಸಲು ಕಲಿಯುತ್ತವೆ ಎಂದು.

ಕಲಿಯುತ್ತವೆ ಎಂಬುದು ಮಾತಿನ ಅನುಕೂಲಕ್ಕೆ ಹೇಳುವುದು. ನಿಜವಾಗಿ ನಡೆಯುವುದು ಆಯ್ಕೆ. ಒಳ್ಳೆಯ ಪರಿಸರ ದೊರೆತರೆ ನಮ್ಮ ಕರುಳಿನ ಇ. ಕೋಲಿ ಬ್ಯಾಕ್ಟೀರಿಯ 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಅದೇ ವೇಗದಲ್ಲಿ ಹತ್ತು ಗಂಟೆ ಕಳೆಯಿತೆಂದರೆ ಒಂದರಿಂದ ನೂರು ಕೋಟಿಗೂ ಹೆಚ್ಚು! ಬೇಕಾದರೆ ಎರಡನ್ನು ಎರಡರಿಂದ ಗುಣಿಸುತ್ತಾ ಹೋಗಿ ನೀವೇ ಲೆಕ್ಕ ಹಾಕಿ ನೋಡಿ. ಇಷ್ಟು ದೊಡ್ಡ ಸಂಖ್ಯೆಯಲ್ಲಿ ಎಲ್ಲೋ ಒಂದೆರಡಕ್ಕೆ ಆಕಸ್ಮಿಕವಾಗಿ ಔಷಧವನ್ನು ತಡೆದುಕೊಳ್ಳುವ ಶಕ್ತಿ ಇರುತ್ತದೆ. ಔಷಧ ಬಿದ್ದಾಗ ಉಳಿದವೆಲ್ಲ ಸಾಯುತ್ತವೆ, ಆ ಒಂದೆರಡು ಉಳಿದು ಮನೆ ತುಂಬ ಮಕ್ಕಳಾಗುತ್ತವೆ. ಇದನ್ನೇ ಔಷಧ ನಿರೋಧ ಎನ್ನುವುದು.

ಈ ನಿರೋಧ ಬಹಳ ಪ್ರಾಚೀನವಾದದ್ದು. ಕೆನಡಾದ ಯೂಕಾನ್ ಪ್ರದೇಶದಲ್ಲಿ ಸುಮಾರು 30,000 ವರ್ಷಗಳಿಂದ ಹೆಪ್ಪುಗಟ್ಟಿದ ಮಣ್ಣಿನಲ್ಲಿಯೂ ನಿರೋಧದ ಜೀನುಗಳಿದ್ದುದನ್ನು 2011ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಬೂಷ್ಟು ಮತ್ತು ಮಣ್ಣಿನ ಸೂಕ್ಷ್ಮಜೀವಿಗಳು ಯುಗಯುಗಗಳಿಂದ ಒಂದರ ಮೇಲೊಂದು ಈ ರಾಸಾಯನಿಕ ಸಮರ ನಡೆಸುತ್ತಲೇ ಬಂದಿವೆ. ಹಾಗಾದರೆ ಮನುಷ್ಯ ಮಾಡಿದ್ದೇನು? ಅದನ್ನು ತಿಳಿಯಲು ಜಪಾನಿಗೆ ಹೋಗೋಣ.

ಟೋಕಿಯೋದ ಒಗಟು

ಎರಡನೆಯ ಮಹಾಯುದ್ಧದ ನಂತರ ಜಪಾನಿನಲ್ಲಿ ರಕ್ತಭೇದಿ ವ್ಯಾಪಕವಾಗಿತ್ತು. ಈ ರೋಗವನ್ನು ತರುವ ಬ್ಯಾಕ್ಟೀರಿಯಕ್ಕೆ ಶಿಗೆಲ್ಲ ಎಂದು ಹೆಸರು. 1897ರಲ್ಲಿ ಅದನ್ನು ಗುರುತಿಸಿದ ಕಿಯೋಶಿ ಶಿಗಾ ಎಂಬ ಜಪಾನೀ ವಿಜ್ಞಾನಿಯ ಹೆಸರೇ ಅದಕ್ಕೆ ಬಂದಿದೆ. ಮೊದಲು ಸಲ್ಫಾ ಮಾತ್ರೆಗಳಿಂದ ಚಿಕಿತ್ಸೆ ನಡೆಯಿತು. ಕೆಲವೇ ವರ್ಷಗಳಲ್ಲಿ ಅವು ನಾಟದಾದವು. ಆಮೇಲೆ ಸ್ಟ್ರೆಪ್ಟೊಮೈಸಿನ್, ಕ್ಲೋರಾಂಫೆನಿಕಾಲ್, ಟೆಟ್ರಾಸೈಕ್ಲಿನ್ ಬಂದವು. 1950ರ ದಶಕದ ಉತ್ತರಾರ್ಧದಲ್ಲಿ ಈ ನಾಲ್ಕಕ್ಕೂ ಒಟ್ಟಿಗೆ ಬಗ್ಗದ ಶಿಗೆಲ್ಲ ಕಾಣಿಸಿಕೊಳ್ಳತೊಡಗಿತು.

ಇಲ್ಲೇ ಒಗಟು. ಒಂದೊಂದೇ ಔಷಧಕ್ಕೆ ನಿರೋಧ ಬರುವುದೇ ಕೋಟಿಗೊಂದು ಆಕಸ್ಮಿಕ. ನಾಲ್ಕು ಆಕಸ್ಮಿಕಗಳು ಒಂದೇ ಜೀವಕೋಶದಲ್ಲಿ ಒಟ್ಟಿಗೆ ನಡೆಯುವುದು ಲೆಕ್ಕಕ್ಕೇ ನಿಲುಕದ ಮಾತು. ಮೇಲಾಗಿ ಒಂದೇ ಔಷಧ ತೆಗೆದುಕೊಂಡ ರೋಗಿಯಲ್ಲೂ ನಾಲ್ಕಕ್ಕೂ ಬಗ್ಗದ ರೋಗಾಣು ಸಿಗುತ್ತಿತ್ತು. 1959ರಲ್ಲಿ ಕುನಿತಾರೊ ಒಚಿಯಾಯಿ ಅವರ ತಂಡ ಮತ್ತು ತೊಮೊಯಿಚಿರೊ ಅಕಿಬಾ ಅವರ ತಂಡ ಪ್ರತ್ಯೇಕವಾಗಿ ಈ ಒಗಟನ್ನು ಒಡೆದವು. ನಿರೋಧವುಳ್ಳ ಬ್ಯಾಕ್ಟೀರಿಯವನ್ನು ನಿರೋಧವಿಲ್ಲದ ಬ್ಯಾಕ್ಟೀರಿಯದ ಜೊತೆ ಬೆರೆಸಿಟ್ಟರೆ ಸಾಕು, ನಿರೋಧ ಒಂದರಿಂದ ಇನ್ನೊಂದಕ್ಕೆ ದಾಟುತ್ತಿತ್ತು. ಕರುಳಿನ ನಿರುಪದ್ರವಿ ಇ. ಕೋಲಿಯಿಂದ ರೋಗ ತರುವ ಶಿಗೆಲ್ಲಕ್ಕೂ ದಾಟುತ್ತಿತ್ತು. 1963ರಲ್ಲಿ ತ್ಸುತೊಮು ವತನಬೆ ಅವರು ಇಂಗ್ಲಿಷಿನಲ್ಲಿ ದೀರ್ಘ ಲೇಖನ ಬರೆದ ಮೇಲೆ ಉಳಿದ ಜಗತ್ತು ಇದರತ್ತ ಕಣ್ಣು ತೆರೆಯಿತು.

ದಾಟುವ ಆ ವಸ್ತುವಿಗೆ ಪ್ಲಾಸ್ಮಿಡ್ ಎಂದು ಹೆಸರು. ಬ್ಯಾಕ್ಟೀರಿಯದ ಮುಖ್ಯ ವರ್ಣತಂತುವಿನಿಂದ ಬೇರೆಯಾಗಿ ಇರುವ, ಸಾಮಾನ್ಯವಾಗಿ ಉಂಗುರದ ಆಕಾರದ ಡಿ.ಎನ್.ಎ. ತುಣುಕು ಅದು. ಪರೀಕ್ಷೆಯ ಹಾಲಿನಲ್ಲಿ ಒಬ್ಬನಿಂದ ಇನ್ನೊಬ್ಬನಿಗೆ ಬೆಂಚಿನ ಕೆಳಗೆ ಚೀಟಿ ದಾಟುವುದನ್ನು ನೆನೆಯಿರಿ. ಚೀಟಿ ಪಡೆದವನು ಓದಿರಬೇಕಾಗಿಲ್ಲ, ಉತ್ತರ ಅವನ ಕೈಗೆ ಬಂದಿರುತ್ತದೆ. ಒಂದೇ ಚೀಟಿಯಲ್ಲಿ ನಾಲ್ಕು ಪ್ರಶ್ನೆಗಳ ಉತ್ತರವಿದ್ದರೆ ನಾಲ್ಕೂ ಒಟ್ಟಿಗೇ ದಾಟುತ್ತವೆ.

ಈಗ ಮನುಷ್ಯ ಮಾಡಿದ್ದೇನು ಎಂಬ ಪ್ರಶ್ನೆಗೆ ಬರೋಣ. ಎವೆರಿಟ್ ಮರ್‍ರೆ ಎಂಬ ಬ್ಯಾಕ್ಟೀರಿಯ ತಜ್ಞರು 1917ರಿಂದ 1954ರವರೆಗೆ ಅನೇಕ ಕಡೆಗಳಿಂದ ಕರುಳಿನ ಬ್ಯಾಕ್ಟೀರಿಯಗಳನ್ನು ಸಂಗ್ರಹಿಸಿ ಕೊಳವೆಗಳಲ್ಲಿ ಕಾಪಾಡಿದ್ದರು. ಅವುಗಳಲ್ಲಿ ಬಹುಪಾಲು ಪ್ರತಿಜೈವಿಕಗಳು ಬಳಕೆಗೆ ಬರುವ ಮೊದಲಿನವು. 1983ರಲ್ಲಿ ಲಂಡನ್ನಿನ ವಿಕ್ಟೋರಿಯಾ ಹ್ಯೂಸ್ ಮತ್ತು ನವೋಮಿ ದತ್ತಾ ಅವುಗಳನ್ನು ಪರೀಕ್ಷಿಸಿದರು. ಸುಮಾರು ಕಾಲು ಭಾಗದಲ್ಲಿ ಒಂದರಿಂದ ಒಂದಕ್ಕೆ ದಾಟಬಲ್ಲ ಪ್ಲಾಸ್ಮಿಡ್‌ಗಳಿದ್ದವು. ಆದರೆ ಆ ಪ್ಲಾಸ್ಮಿಡ್‌ಗಳ ಮೇಲೆ ಔಷಧ ನಿರೋಧ ಇರಲಿಲ್ಲ. ಗಮನಿಸಿ: ಚೀಟಿ ದಾಟಿಸುವ ಅಭ್ಯಾಸ ಹಳೆಯದು, ನಿರೋಧದ ಜೀನುಗಳೂ ಹಳೆಯವು. ಆ ಜೀನುಗಳು ಚೀಟಿಯ ಮೇಲೆ ಬಂದು ಕುಳಿತು ಊರೂರು ಸುತ್ತತೊಡಗಿದ್ದು ಮಾತ್ರ ನಾವು ಔಷಧವನ್ನು ಟನ್ನುಗಟ್ಟಲೆ ಸುರಿಯಲಾರಂಭಿಸಿದ ಮೇಲೆ.

ಕೋಳಿಯ ಮೇವಿಗೆ ಬಂದ ಔಷಧ

ಸುರಿದದ್ದು ಆಸ್ಪತ್ರೆಗಳಲ್ಲಿ ಮಾತ್ರವಲ್ಲ. ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದ ಕಾಲದಲ್ಲಿ ಬೆಂಜಮಿನ್ ಡಗ್ಗರ್ ಅವರು ಆರಿಯೊಮೈಸಿನ್ ಎಂಬ ಪ್ರತಿಜೈವಿಕವನ್ನು ಕಂಡುಹಿಡಿದರು. ಅದು 1948ರಲ್ಲಿ ಬೆಳಕಿಗೆ ಬಂತು. ಟೆಟ್ರಾಸೈಕ್ಲಿನ್ ಕುಟುಂಬದ ಮೊದಲ ಔಷಧ ಅದೇ. ಅದೇ ಸಂಸ್ಥೆಯ ಥಾಮಸ್ ಜೂಕ್ಸ್ ಮತ್ತು ರಾಬರ್ಟ್ ಸ್ಟೋಕ್‌ಸ್ಟಾಡ್ ಔಷಧ ತೆಗೆದ ಮೇಲೆ ಉಳಿಯುವ ಚರಟವನ್ನು ಕೋಳಿಮರಿಗಳಿಗೆ ತಿನ್ನಿಸಿ ನೋಡಿದರು. ಬಿ-12 ಜೀವಸತ್ವ ಅದರಲ್ಲಿ ಸಿಗುವುದೆಂದು ಅವರ ಎಣಿಕೆ. ಮರಿಗಳು ನಿರೀಕ್ಷೆಗೂ ಮೀರಿ ಬೇಗ ಬೆಳೆದವು. ಚರಟದಲ್ಲಿ ಉಳಿದಿದ್ದ ಆರಿಯೊಮೈಸಿನ್ನೇ ಅದಕ್ಕೆ ಕಾರಣವೆಂದು ಆಮೇಲೆ ತಿಳಿಯಿತು. 1950ರಲ್ಲಿ ಈ ಸುದ್ದಿ ಹೊರಬಿದ್ದದ್ದೇ ತಡ, ಕೋಳಿ, ಹಂದಿ, ಕರುಗಳ ಮೇವಿಗೆ ದಿನವೂ ಚೂರು ಚೂರು ಪ್ರತಿಜೈವಿಕ ಬೆರೆಸುವುದು ಅನೇಕ ದೇಶಗಳಲ್ಲಿ ವಾಡಿಕೆಯಾಯಿತು. ಫ್ಲೆಮಿಂಗ್ ಯಾವುದನ್ನು ಮಾಡಬಾರದೆಂದು ಐದು ವರ್ಷ ಮೊದಲು ಹೇಳಿದ್ದರೋ ಅದೇ ವ್ಯಾಪಾರವಾಯಿತು.

ಇದರ ಪರಿಣಾಮವನ್ನು ಅಳೆದು ತೋರಿಸಿದವರು ಅಮೆರಿಕದ ಸ್ಟುವರ್ಟ್ ಲೆವಿ. ಬಾಸ್ಟನ್ ನಗರದ ಹೊರಗಿನ ಒಂದು ಕೃಷಿ ಕುಟುಂಬದ ಜಮೀನಿನಲ್ಲಿ ಸುಮಾರು 300 ಕೋಳಿಮರಿಗಳನ್ನು ಸಾಕಿ, ಕೆಲವಕ್ಕೆ ಟೆಟ್ರಾಸೈಕ್ಲಿನ್ ಗುಂಪಿನ ಔಷಧ ಬೆರೆತ ಮೇವು, ಉಳಿದವಕ್ಕೆ ಬರಿಯ ಮೇವು ಕೊಡಲಾಯಿತು. 1976ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಂದೇ ವಾರದಲ್ಲಿ ಔಷಧ ತಿಂದ ಕೋಳಿಗಳ ಕರುಳಿನ ಬ್ಯಾಕ್ಟೀರಿಯಗಳು ಹೆಚ್ಚುಕಡಿಮೆ ಎಲ್ಲವೂ ನಿರೋಧಿಗಳಾದವು. ಐದಾರು ತಿಂಗಳಲ್ಲಿ ಆ ಜಮೀನಿನ ಜನರಿಂದ ವಾರವಾರ ತೆಗೆದ ಮಲದ ಮಾದರಿಗಳಲ್ಲಿ ಶೇಕಡ 31.3ರಲ್ಲಿ ನಿರೋಧಿ ಬ್ಯಾಕ್ಟೀರಿಯಗಳೇ ತುಂಬಿದ್ದವು. ನೆರೆಹೊರೆಯವರಲ್ಲಿ ಇದು ಶೇಕಡ 6.8 ಮಾತ್ರ. ಆ ಮನೆಯವರು ಔಷಧ ನುಂಗಿರಲಿಲ್ಲ. ಕೋಳಿಗೂಡಿನಿಂದ ಮನೆಗೆ ನಿರೋಧ ತಾನಾಗಿ ನಡೆದು ಬಂದಿತ್ತು.

ಕೋಳಿಗೂಡಿನಿಂದ ಮನೆಗೆ ಬರಬಲ್ಲದ್ದು ಅಂಗಳದ ಗುಬ್ಬಿಗೆ, ತಿಪ್ಪೆಯ ಕಾಗೆಗೆ ಹೋಗಲಾರದೆ?

ಹಕ್ಕಿಗಳ ಸರದಿ

ಹೋಗಿತ್ತು. ಪ್ಲಾಸ್ಮಿಡ್‌ನ ಗುಟ್ಟು ಹೊರಬಿದ್ದ ಜಪಾನಿನಲ್ಲಿಯೇ ಅದರ ಆರಂಭದ ಸಾಕ್ಷ್ಯವೂ ಸಿಕ್ಕಿತು. ಅಲ್ಲಿನ ಸಾಕು ಪಾರಿವಾಳ, ಬೀದಿ ಪಾರಿವಾಳ ಮತ್ತು ಕಾಗೆಗಳ ಇ. ಕೋಲಿಗಳಲ್ಲಿ ಕ್ಲೋರಾಂಫೆನಿಕಾಲ್‌ಗೆ ನಿರೋಧವಿದೆ, ಆ ನಿರೋಧ ದಾಟಬಲ್ಲ ಪ್ಲಾಸ್ಮಿಡ್‌ಗಳ ಮೇಲಿದೆ ಎಂಬ ವರದಿ 1978ರಲ್ಲಿ ಪ್ರಕಟವಾಯಿತು. ಚೀಟಿ ರೆಕ್ಕೆ ಪಡೆದಿತ್ತು.

ಹಕ್ಕಿಯ ದೇಹದ ಉಷ್ಣತೆ ನಮಗಿಂತ ಕೆಲವು ಡಿಗ್ರಿ ಹೆಚ್ಚು. ಆದರೂ ಇ. ಕೋಲಿಗೆ ಅಲ್ಲಿ ಸುಖವಾಸ. ಚರಂಡಿಯ ನೀರು, ಕಸದ ರಾಶಿ, ಗೊಬ್ಬರದ ಗುಂಡಿ ಇವುಗಳಿಂದ ಆಹಾರದ ಜೊತೆ ಒಳಹೊಕ್ಕ ಬ್ಯಾಕ್ಟೀರಿಯ ಹಕ್ಕಿಯ ಕರುಳಿನಲ್ಲಿ ಬೆಳೆದು ಹಿಕ್ಕೆಯಲ್ಲಿ ಹೊರಬರುತ್ತದೆ. ಹಕ್ಕಿಗೆ ಸಾಮಾನ್ಯವಾಗಿ ಯಾವ ತೊಂದರೆಯೂ ಕಾಣದು. ಆದ್ದರಿಂದಲೇ ನೀರಿನ ಬಳಿ ಬಾಳುವ ಹಕ್ಕಿಗಳಲ್ಲೂ, ಮಾಂಸ ಮತ್ತು ಕಸ ತಿನ್ನುವ ಹದ್ದು, ಕಾಗೆ, ಕಡಲಕ್ಕಿಗಳಲ್ಲೂ ನಿರೋಧಿ ಬ್ಯಾಕ್ಟೀರಿಯ ಹೆಚ್ಚಾಗಿ ಸಿಗುತ್ತದೆ.

ಮುಂದಿನ ದಶಕಗಳಲ್ಲಿ ಹುಡುಕಿದಲ್ಲೆಲ್ಲ ಸಾಕ್ಷ್ಯ ಸಿಕ್ಕಿತು. 2008ರಲ್ಲಿ ಸ್ವೀಡನ್ನಿನ ಸಂಶೋಧಕರು ಪ್ರಕಟಿಸಿದ ವರದಿ ಎಲ್ಲರನ್ನೂ ಬೆರಗುಗೊಳಿಸಿತು. ಅವರು ಸೈಬೀರಿಯದ ಈಶಾನ್ಯ ಭಾಗ, ಅಲಾಸ್ಕ ಮತ್ತು ಗ್ರೀನ್‌ಲ್ಯಾಂಡ್‌ಗಳ ಹಿಮಪ್ರದೇಶದ ಹಕ್ಕಿಗಳಿಂದ ತೆಗೆದ 97 ಇ. ಕೋಲಿ ಮಾದರಿಗಳನ್ನು ಪರೀಕ್ಷಿಸಿದ್ದರು. ಅವುಗಳಲ್ಲಿ ಎಂಟು ಕನಿಷ್ಠ ಒಂದು ಔಷಧಕ್ಕಾದರೂ ಬಗ್ಗಲಿಲ್ಲ. ಆಸ್ಪತ್ರೆಯಿಲ್ಲದ, ಕೋಳಿ ಫಾರಂ ಇಲ್ಲದ, ಊರೇ ಇಲ್ಲದ ಜಾಗವದು.

2013ರಲ್ಲಿ ಜರ್ಮನಿಯಿಂದ ಬಂದ ವರದಿ ನಮಗೆ ಇನ್ನೂ ಹತ್ತಿರದ್ದು. ನಮ್ಮ ಊರುಗಳ ಮೇಲೆ ಸುತ್ತುವ ಹದ್ದಿನದೇ ಪ್ರಭೇದಕ್ಕೆ ಸೇರಿದ ಒಂದು ವಲಸೆ ಹದ್ದಿನಲ್ಲಿ ಸಾಲ್ಮೊನೆಲ್ಲ ಬ್ಯಾಕ್ಟೀರಿಯ ಸಿಕ್ಕಿತು. ಅದು ಹೊತ್ತಿದ್ದ ಜೀನಿನ ಹೆಸರು ಎನ್.ಡಿ.ಎಂ.-1. ಬೇರೆ ಔಷಧಗಳು ಸೋತಾಗ ವೈದ್ಯರು ಕೈಗೆತ್ತಿಕೊಳ್ಳುವ ಕಾರ್ಬಪೆನೆಮ್ ಗುಂಪಿನ ಔಷಧಗಳನ್ನು ಮುರಿಯುವ ಜೀನು ಅದು. ದೆಹಲಿಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ್ದ ರೋಗಿಯೊಬ್ಬರಲ್ಲಿ ಅದನ್ನು ಮೊದಲು ಗುರುತಿಸಿ 2009ರಲ್ಲಿ ವರದಿ ಮಾಡಲಾಗಿತ್ತು. ಅದರ ಹೆಸರಿನಲ್ಲಿ ನವದೆಹಲಿ ಸೇರಿಕೊಂಡದ್ದರಿಂದ ನಮ್ಮ ದೇಶದಲ್ಲಿ ದೊಡ್ಡ ವಿವಾದವೇ ಎದ್ದಿತು. 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ದೆಹಲಿಯ 50 ನಲ್ಲಿ ನೀರಿನ ಮಾದರಿಗಳಲ್ಲಿ ಎರಡರಲ್ಲಿ, ಬೀದಿಯಲ್ಲಿ ನಿಂತ ಮತ್ತು ಹರಿಯುವ ನೀರಿನ 171 ಮಾದರಿಗಳಲ್ಲಿ 51ರಲ್ಲಿ ಆ ಜೀನನ್ನು ಕಂಡಿತು. ಬೀದಿಯ ನೀರು ಹಕ್ಕಿಗಳೂ ಕುಡಿಯುವ ನೀರೇ ಅಲ್ಲವೆ?

ಇನ್ನೊಂದು ಉದಾಹರಣೆ ವೇಗದ್ದು. ಕೊಲಿಸ್ಟಿನ್ ಎಂಬ ಕೊನೆಯ ಆಸರೆಯ ಔಷಧವನ್ನು ಎದುರಿಸುವ, ಪ್ಲಾಸ್ಮಿಡ್ ಮೇಲೆ ದಾಟುವ ಜೀನು ಚೀನಾದ ಹಂದಿ, ಮಾಂಸ ಮತ್ತು ರೋಗಿಗಳಲ್ಲಿ ಇದೆಯೆಂದು 2015ರ ನವೆಂಬರಿನಲ್ಲಿ ವರದಿಯಾಯಿತು. ಮರುವರ್ಷವೇ ಲಿಥುವೇನಿಯ ಮತ್ತು ಅರ್ಜೆಂಟೀನಾದ ಕಡಲಕ್ಕಿಗಳಲ್ಲಿ ಅದೇ ಜೀನು ಸಿಕ್ಕಿತು.

ಹಕ್ಕಿಯನ್ನು ದೂರಬೇಕೆ?

ಇಷ್ಟನ್ನು ಓದಿದ ಮೇಲೆ ನಿಮ್ಮಲ್ಲಿ ಕೆಲವರಿಗೆ ಪಾರಿವಾಳಗಳನ್ನು ಓಡಿಸಬೇಕು, ಕಾಗೆಗಳನ್ನು ಕೊಲ್ಲಬೇಕು ಎನ್ನಿಸಬಹುದು. ಸ್ವಲ್ಪ ತಡೆಯಿರಿ. ಚೀಟಿ ಯಾವ ಕಡೆಯಿಂದ ಯಾವ ಕಡೆಗೆ ದಾಟುತ್ತಿದೆ ಎಂಬುದನ್ನು ಮೊದಲು ನೋಡಬೇಕು.

ಆಫ್ರಿಕದ ನೈರೋಬಿ ನಗರದಲ್ಲಿ ಇದಕ್ಕಾಗಿಯೇ ಒಂದು ದೊಡ್ಡ ಅಧ್ಯಯನ ನಡೆದು 2019ರಲ್ಲಿ ಪ್ರಕಟವಾಯಿತು. ಶ್ರೀಮಂತ ಬಡಾವಣೆ, ಕೊಳೆಗೇರಿ ಎರಡೂ ಸೇರಿದಂತೆ 99 ಮನೆಗಳನ್ನು ಆರಿಸಿ, ಅಲ್ಲಿನ ಜನ, ಸಾಕುಪ್ರಾಣಿಗಳು, ಹಾಗೂ ಸುತ್ತಲಿನ ಹಕ್ಕಿ, ಇಲಿ, ಬಾವಲಿಗಳ ಇ. ಕೋಲಿಯನ್ನು ಪರೀಕ್ಷಿಸಲಾಯಿತು. ಹಕ್ಕಿಗಳಲ್ಲೂ ಇತರ ಕಾಡುಜೀವಿಗಳಲ್ಲೂ ನಿರೋಧ ಇತ್ತು. ಆದರೆ ಜನರಲ್ಲಿ ಮತ್ತು ಸಾಕುಪ್ರಾಣಿಗಳಲ್ಲಿ ಇದ್ದಷ್ಟು ಬಗೆಗಳು ಅವುಗಳಲ್ಲಿ ಇರಲಿಲ್ಲ. ಮನುಷ್ಯರ ಕಸ ಮತ್ತು ಸಾಕುಪ್ರಾಣಿಗಳ ಗೊಬ್ಬರದ ನಡುವೆ ಬಾಳುವ ಕಾಡುಜೀವಿಗಳಲ್ಲೇ ಅದು ಹೆಚ್ಚು. ಕಾಡುಜೀವಿಗಳು ಈ ನಿರೋಧದ ಮೂಲವಲ್ಲ, ಅದು ಹರಿದು ಬಂದು ಸೇರುವ ತಗ್ಗು ಎಂಬ ನಿರ್ಣಯಕ್ಕೆ ಸಂಶೋಧಕರು ಬಂದರು.

ಹಾಗೆಂದು ಹಕ್ಕಿಗೆ ಯಾವ ಪಾತ್ರವೂ ಇಲ್ಲ ಎನ್ನಲಾಗದು. ಅಲಾಸ್ಕದಲ್ಲಿ ನಗರದ ಕಸ ಸುರಿಯುವ ಜಾಗದಲ್ಲಿ ಮೇಯುವ ಕಡಲಕ್ಕಿಗಳಿಗೆ ಉಪಗ್ರಹದ ಮೂಲಕ ಸುಳಿವು ಕೊಡುವ ಯಂತ್ರ ಕಟ್ಟಿ ಹಿಂಬಾಲಿಸಿದಾಗ, ಅವು ಬಹುದೂರದ ಕರಾವಳಿಗಳಿಗೆ ಹಾರಿದ್ದು ಕಂಡಿತು. ನಿರೋಧ ಖಂಡದುದ್ದಕ್ಕೂ ಸಾಗಲು ರೆಕ್ಕೆ ದಾರಿಯಾಗಬಲ್ಲದು. ಆದರೆ ಅಂಚೆಯಣ್ಣ ಕಾಗದವನ್ನು ತಲುಪಿಸುತ್ತಾನೆಯೇ ಹೊರತು ಬರೆಯುವುದಿಲ್ಲ. ಕೆಟ್ಟ ಸುದ್ದಿ ಬಂತೆಂದು ಅಂಚೆಯಣ್ಣನನ್ನು ಹೊಡೆದರೆ ಸುದ್ದಿ ಬದಲಾಗದು.

ಕಾಗದ ಬರೆದವರ ವಿಳಾಸ ನಮಗೆ ಗೊತ್ತಿದೆ. ಹೈದರಾಬಾದ್ ಬಳಿಯ ಪಟಾಂಚೆರು ಪ್ರದೇಶದಲ್ಲಿ ಅನೇಕ ಔಷಧ ಕಾರ್ಖಾನೆಗಳ ತ್ಯಾಜ್ಯ ನೀರನ್ನು ಶುದ್ಧೀಕರಿಸುವ ಘಟಕದಿಂದ ಹೊರಬಿಟ್ಟ ನೀರಿನಲ್ಲಿ ಸಿಪ್ರೊಫ್ಲಾಕ್ಸಸಿನ್ ಪ್ರಮಾಣ ಲೀಟರಿಗೆ 31 ಮಿಲಿಗ್ರಾಂವರೆಗೆ ಇದ್ದುದನ್ನು ಸ್ವೀಡನ್ನಿನ ವಿಜ್ಞಾನಿಗಳು 2007ರಲ್ಲಿ ವರದಿ ಮಾಡಿದರು. ಚಿಕಿತ್ಸೆ ಪಡೆಯುವ ರೋಗಿಯ ರಕ್ತದಲ್ಲಿಯೂ ಅಷ್ಟು ಔಷಧ ಇರುವುದಿಲ್ಲ! ಇದರ ಜೊತೆಗೆ ಆಸ್ಪತ್ರೆಯ ಚರಂಡಿ, ಫಾರಂಗಳ ಗೊಬ್ಬರ, ಮನೆಯ ಕಸದಲ್ಲಿ ಬಿದ್ದ ಅರ್ಧ ಪಟ್ಟಿ ಮಾತ್ರೆಗಳನ್ನು ಸೇರಿಸಿಕೊಳ್ಳಿ. ಕಾಗೆಗೆ ಔಷಧ ಕೊಟ್ಟವರು ಯಾರು ಎಂಬ ಪ್ರಶ್ನೆಗೆ ಇದೇ ಉತ್ತರ.

ನಮ್ಮ ಪಾಲಿನ ಕೆಲಸ

ಇದು ಹಕ್ಕಿಗಳ ಕುತೂಹಲಕಾರಿ ಕಥೆಯಷ್ಟೇ ಆಗಿದ್ದರೆ ನಿಮ್ಮ ಸಮಯವನ್ನು ಇಷ್ಟು ಹೊತ್ತು ತೆಗೆದುಕೊಳ್ಳುತ್ತಿರಲಿಲ್ಲ. 2019ನೆಯ ಒಂದೇ ವರ್ಷದಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಗಳ ಸೋಂಕು ನೇರ ಕಾರಣವಾಗಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು 2022ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಹೆರಿಗೆ, ಶಸ್ತ್ರಚಿಕಿತ್ಸೆ, ಕ್ಯಾನ್ಸರ್ ಚಿಕಿತ್ಸೆ ಎಲ್ಲವೂ ಪ್ರತಿಜೈವಿಕಗಳ ಕಾವಲಿನಲ್ಲಿ ನಡೆಯುವಂಥವು. ಕಾವಲು ಬಿದ್ದರೆ ಸಣ್ಣ ಗಾಯಕ್ಕೂ ಅಂಜಬೇಕಾದ ಕಾಲ ಮರಳಿ ಬರುತ್ತದೆ.

ತಿದ್ದಿಕೊಳ್ಳಲು ದಾರಿ ಇಲ್ಲದಿಲ್ಲ. ಬೇಗ ಬೆಳೆಯಲೆಂದು ಜಾನುವಾರುಗಳ ಮೇವಿಗೆ ಪ್ರತಿಜೈವಿಕ ಬೆರೆಸುವುದನ್ನು ಸ್ವೀಡನ್ 1986ರಲ್ಲಿಯೇ ನಿಷೇಧಿಸಿತು. ಯುರೋಪಿಯನ್ ಒಕ್ಕೂಟದಲ್ಲಿ 2006ರಿಂದ ಈ ನಿಷೇಧ ಪೂರ್ಣವಾಗಿ ಜಾರಿಗೆ ಬಂತು. ನಮ್ಮ ದೇಶದಲ್ಲಿ ಸಾಕುಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು 2019ರ ಜುಲೈಯಲ್ಲಿ ನಿಷೇಧಿಸಲಾಯಿತು. ಹಲವು ಪ್ರಬಲ ಪ್ರತಿಜೈವಿಕಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದು, ಮಾರಿದ್ದನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು ಎಂಬ ಎಚ್-1 ನಿಯಮ 2014ರಿಂದ ಇದೆ. ನಿಯಮ ಪುಸ್ತಕದಿಂದ ಅಂಗಡಿಗೆ ಇಳಿಯಬೇಕಾದರೆ ಕೊಳ್ಳುವ ನಾವೂ ಚೀಟಿ ತೋರಿಸಿಯೇ ಕೊಳ್ಳಬೇಕು.

ನೆಗಡಿ ತರುವುದು ವೈರಸ್, ಅದಕ್ಕೆ ಪ್ರತಿಜೈವಿಕ ನಾಟುವುದಿಲ್ಲ. ನೆಗಡಿಗೆಂದು ಅದನ್ನು ಕೇಳಿ ಪಡೆಯಬೇಡಿ. ಅಕ್ಕಪಕ್ಕದವರಿಗೆ ಉಳಿದ ಮಾತ್ರೆ ಕೊಡಬೇಡಿ, ಅವರಿಂದ ತೆಗೆದುಕೊಳ್ಳಲೂ ಬೇಡಿ. ವೈದ್ಯರು ಹೇಳಿದಷ್ಟು ದಿನ, ಹೇಳಿದ ಪ್ರಮಾಣದಲ್ಲಿ ನುಂಗಿ. ಮನೆಯ ಮೇಲಿನ ನೀರಿನ ಟ್ಯಾಂಕಿಗೆ ಸರಿಯಾದ ಮುಚ್ಚಳವಿದೆಯೇ ನೋಡಿ. ಪಾರಿವಾಳದ ಹಿಕ್ಕೆ ಬಿದ್ದ ಜಾಗವನ್ನು ತೊಳೆದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಇಷ್ಟು ಎಚ್ಚರಿಕೆ ಸಾಕು, ಹಕ್ಕಿಗಳಿಗೆ ಹೆದರಬೇಕಾಗಿಲ್ಲ.

ಕೊನೆಯದಾಗಿ ನಿಮಗೊಂದು ಚಟುವಟಿಕೆ. ಒಂದು ವಾರ ನಿಮ್ಮ ಬೀದಿಯ ಕಸದ ರಾಶಿಯನ್ನು ದೂರದಿಂದಲೇ ಗಮನಿಸಿ. ಯಾವ ಹಕ್ಕಿಗಳು, ಎಷ್ಟು ಹೊತ್ತಿಗೆ, ಯಾವುದನ್ನು ಅರಸಿ ಬರುತ್ತವೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಎದುರು ಪುಟದಲ್ಲಿ ಅದೇ ವಾರ ನಿಮ್ಮ ಮನೆಯಿಂದ ಆ ರಾಶಿಗೆ ಹೋದದ್ದನ್ನು ಬರೆಯಿರಿ. ಎರಡೂ ಪುಟಗಳನ್ನು ಅಕ್ಕಪಕ್ಕ ಇಟ್ಟು ಓದಿ, ನಿಮ್ಮ ತರಗತಿಯಲ್ಲಿ ಚರ್ಚಿಸಿ.